ಚಲಚ್ಚಿತ್ರಗಳೂ ಸ್ವಶಬ್ದವಾಚ್ಯದೋಷವೂ

ರಸದ ಹೆಸರನ್ನು ಹೇಳಿದ ಮಾತ್ರಕ್ಕೆ ರಸವು ಹುಟ್ಟಲಾರದೆಂಬುದು ಅಲಂಕಾರಶಾಸ್ತ್ರದ ಹೊಸಲನ್ನು ದಾಟಿದವರಿಗೆಲ್ಲ ತಿಳಿದ ವಿಷಯವೇ ಸರಿ. ಪದ್ಯದಲ್ಲಿ ಶೃಂಗಾರವೆಂಬ ಶಬ್ದವನ್ನು ಹತ್ತು ಸಲ ಪ್ರಯೋಗಿಸಿದರೂ ವಿಭಾವಾನುಭಾವಗಳು ಇಲ್ಲವಾದರೆ ಕೇಳುವವನ ಹೃದಯವು ಕದಲುವುದಿಲ್ಲ. ಅವು ಸರಿಯಾಗಿ ಒದಗಿದ ಪಕ್ಷದಲ್ಲಿ ಆ ಶಬ್ದದ ಅಗತ್ಯವೇ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಸ್ಥಾಪಿಸಿದ ಈ ತತ್ತ್ವವನ್ನೇ ಹಿಡಿದು, ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನೆಣಿಸುವ ಮಮ್ಮಟನು, ಭಾವವನ್ನು ಅದರ ಹೆಸರಿನಿಂದಲೇ ಕೂಗಿ ಹೇಳುವ ಸ್ವಶಬ್ದವಾಚ್ಯತೆಯನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟನು. ಚಲಚ್ಚಿತ್ರವಾದರೋ ಆ ಆಚಾರ್ಯರು ಕಾಣದ ಕಲೆ. ಆದರೂ ಇತ್ತೀಚೆಗೆ ನೋಡಲು ದೊರೆತ ಏಳು ಚಿತ್ರಗಳನ್ನು, ಹಳೆಯವು ಹೊಸವು, ಕನ್ನಡದವು ಪರಭಾಷೆಯವು ಎಂಬ ಭೇದವೆಣಿಸದೆ ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಕಲ್ಲು ಸವೆದಿಲ್ಲವೆಂಬುದು ಕಂಡುಬರುತ್ತದೆ.

ಒಂದು ಮಾತನ್ನು ಮಾತ್ರ ಮೊದಲೇ ಸ್ಪಷ್ಟಪಡಿಸತಕ್ಕದ್ದು. ಚಲಚ್ಚಿತ್ರದಲ್ಲಿ ಶಬ್ದವೆಂದರೆ ಪಾತ್ರಗಳ ಮಾತು ಮಾತ್ರವಲ್ಲ. ಹಿನ್ನೆಲೆಯಲ್ಲಿ ನುಡಿಯುವ ವಾದ್ಯವೃಂದವೂ ಶಬ್ದವೇ. ತಾಯಿಯು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಮೊದಲೇ ಪಿಟೀಲು ಅತ್ತುಬಿಟ್ಟರೆ, ನಾಯಕನು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ನಗಾರಿಯು ಮೊಳಗಿದರೆ, ‘ಇಲ್ಲಿ ಕರುಣ’, ‘ಇಲ್ಲಿ ವೀರ’ ಎಂದು ಚೀಟಿ ಅಂಟಿಸಿದಂತೆಯೇ ಆಯಿತು. ಹಾಗಾದ ಮೇಲೆ ಸಹೃದಯನಿಗೆ ಉಳಿಯುವ ಕೆಲಸವೇನು? ಉಂಡವನ ಬಾಯಿಗೆ ಮತ್ತೆ ತುತ್ತಿಟ್ಟಂತೆ ಅವನು ಸುಮ್ಮನೆ ನುಂಗುತ್ತ ಕುಳಿತಿರಬೇಕು.

ಪ್ರಶಾಂತ ನೀಲ್ ಅವರ ‘ಕೆ.ಜಿ.ಎಫ್.’ ಎರಡನೆಯ ಭಾಗವು (2022) ಈ ದೋಷದ ನಿಧಿಯೆಂದೇ ಹೇಳಬೇಕು. ಕೋಲಾರದ ಚಿನ್ನದ ಗಣಿಯ ಹೆಸರನ್ನು ಹೊತ್ತು ಕಲ್ಪನೆಯ ಸಾಮ್ರಾಜ್ಯವೊಂದನ್ನು ಕಟ್ಟಿದ ಈ ಕಥೆಯಲ್ಲಿ ನಾಯಕನು ಮಹಾಪರಾಕ್ರಮಿಯೆಂಬುದನ್ನು ಕಥೆ ಹೇಳುವವನು ಹೇಳುತ್ತಾನೆ, ಶತ್ರುಗಳು ಹೇಳುತ್ತಾರೆ, ಆಳುಗಳು ಹೇಳುತ್ತಾರೆ, ಅಷ್ಟು ಸಾಲದೆಂದು ವಾದ್ಯಗಳೂ ಹೇಳುತ್ತವೆ. ಮಮ್ಮಟನು ‘ಪುನಃ ಪುನರ್ದೀಪ್ತಿ’ಯೆಂಬ ಮತ್ತೊಂದು ದೋಷಕ್ಕೆ ಕುಮಾರಸಂಭವದ ರತಿವಿಲಾಪವನ್ನು ಉದಾಹರಿಸಿದ್ದಾನೆ. ಹೊಸೆದ ಹೂವನ್ನೇ ಮತ್ತೆ ಮತ್ತೆ ಹೊಸೆದರೆ ಬಾಡುವಂತೆ, ಉಕ್ಕಿದ ರಸವನ್ನೇ ಮರಳಿ ಉಕ್ಕಿಸಹೋದರೆ ಅದು ಕೆಡುತ್ತದೆಯೆಂಬುದು ಅಲ್ಲಿನ ಅಭಿಪ್ರಾಯ. ಕಾಳಿದಾಸನನ್ನೇ ಬಿಡದ ಆಚಾರ್ಯನು ಈ ಚಿತ್ರವನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೂ ಬಡತನದಲ್ಲಿ ಸತ್ತ ತಾಯಿಗೆ ಕೊಟ್ಟ ಭಾಷೆಯೊಂದು ಮಗನನ್ನು ಚಿನ್ನದ ರಾಶಿಯ ಮೇಲೆ ಕೂರಿಸಿ ಕಡೆಗೆ ಅದರೊಡನೆಯೇ ಕಡಲಿಗಿಳಿಸುತ್ತದೆಯೆಂಬ ಬೀಜವು ಸಾಮಾನ್ಯವಾದುದಲ್ಲ. ಬೀಜವಿದ್ದೂ ಬೆಳೆಯದೆ ಹೋದುದಕ್ಕಾಗಿ ವಿಷಾದವಾಗುತ್ತದೆ.

ಅದೇ ವರ್ಷ ತೆರೆಗೆ ಬಂದ ರಿಷಬ್ ಶೆಟ್ಟಿ ಅವರ ‘ಕಾಂತಾರ’ವನ್ನು ಇದರ ಪಕ್ಕದಲ್ಲಿಟ್ಟು ಬೈಯುವವರುಂಟು. ಅದು ವಿಚಾರವಿಲ್ಲದ ಮಾತು. ಇಲ್ಲಿಯೂ ಘೋಷವು ಕಡಮೆಯೇನಲ್ಲ. ಆದರೆ ಕರಾವಳಿಯ ಭೂತಕೋಲದಲ್ಲಿ ವಾದ್ಯಘೋಷವು ಹೊರಗಿನಿಂದ ತಂದು ಹಚ್ಚಿದ ಬಣ್ಣವಲ್ಲ, ಆ ಆರಾಧನೆಯ ಅಂಗವೇ ಆಗಿದೆ. ದೋಷವಿರುವುದು ಬೇರೆ ಕಡೆಯಲ್ಲಿ. ಕಾಡಿನ ನೆಲವು ಯಾರದೆಂಬ ಪ್ರಧಾನವಾದ ವಿವಾದವು ಮೇಲೇಳುತ್ತಿರುವಾಗ ನಾಯಕನು ನಾಯಕಿಯನ್ನು ಚಿವುಟುತ್ತ ತಿರುಗುವ ಸನ್ನಿವೇಶಗಳನ್ನು ನೋಡಿದರೆ, ವೀರರೆಲ್ಲ ಸಾಯುತ್ತಿರುವಾಗ ಭಾನುಮತಿಯೊಡನೆ ಸರಸಕ್ಕೆ ತೊಡಗುವ ವೇಣೀಸಂಹಾರದ ದುರ್ಯೋಧನನ ನೆನಪಾಗುತ್ತದೆ. ‘ಅಕಾಂಡಪ್ರಥನ’ಕ್ಕೆ, ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ರಸವನ್ನು ಹರಡುವುದಕ್ಕೆ, ಕಾವ್ಯಪ್ರಕಾಶದಲ್ಲಿ ಕೊಟ್ಟಿರುವ ಉದಾಹರಣೆಯೇ ಅದು. ಇರಲಿ. ಕಡೆಯ ಭಾಗದಲ್ಲಿ ಚಿತ್ರವು ಈ ಸಾಲವನ್ನೆಲ್ಲ ಬಡ್ಡಿಸಹಿತ ತೀರಿಸುತ್ತದೆ. ಕೋಲದಲ್ಲಿ ಜನರು ಕಾದಿರುವುದು ದೈವದ ನುಡಿಗಾಗಿ. ಇಲ್ಲಿ ದೈವವು ನುಡಿಯನ್ನು ಕೊಡುವುದಿಲ್ಲ. ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಹಿಡಿದು ಒಂದರ ಮೇಲೊಂದನ್ನು ಕೂಡಿಸುತ್ತದೆ. ನುಡಿಯನ್ನು ನಿರೀಕ್ಷಿಸಿದ ಕಡೆಯಲ್ಲಿ ಕೈಗಳು ಮಾತನಾಡಿದುದರಿಂದಲೇ ಆ ಗಳಿಗೆಯಲ್ಲಿ ಗಂಟಲು ಬಿಗಿಯುತ್ತದೆ. ಭರತಮುನಿಯು ಆಂಗಿಕವನ್ನು ಅಭಿನಯಗಳಲ್ಲಿ ಮೊದಲು ಹೇಳಿದುದರ ಅರ್ಥವನ್ನು ತಿಳಿಯಬೇಕೆನ್ನುವ ವಿದ್ಯಾರ್ಥಿಗೆ ಈ ಭಾಗವನ್ನು ಧಾರಾಳವಾಗಿ ತೋರಿಸಬಹುದು.

ರಾಮ್ ರೆಡ್ಡಿ ಅವರ ‘ತಿಥಿ’ಯು (2015) ಇದಕ್ಕೆ ತೀರ ವಿರುದ್ಧವಾದ ಜಾತಿಯದು. ಮಂಡ್ಯದ ಸೀಮೆಯ ನೊದೆಕೊಪ್ಪಲಿನಲ್ಲಿ, ನಟನೆಯನ್ನು ಕಲಿಯದ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ತೆಗೆದ ಈ ಚಿತ್ರಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿಗಳು ಬಂದುವು. ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುತ್ತಿದ್ದ ನೂರೊಂದು ವರ್ಷದ ಸೆಂಚುರಿ ಗೌಡನು ಎದ್ದುಹೋಗಿ ಸತ್ತು ಬೀಳುತ್ತಾನೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಕಿಲ್ಲ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಮರಿಮಗ ಅಭಿಗೆ ಕುರಿಗಾಹಿ ಹುಡುಗಿಯ ಮೇಲೆ ಕಣ್ಣು. ಹನ್ನೊಂದನೆಯ ದಿನದ ಊಟಕ್ಕೆ ಊರೇ ಸೇರಬೇಕಾಗಿದೆ, ಆದರೆ ಸತ್ತವನಿಗಾಗಿ ಒಬ್ಬನೂ ದುಃಖವೆಂಬ ಮಾತನ್ನಾಡುವುದಿಲ್ಲ. ಪ್ರೇಕ್ಷಕನು ಹೊಟ್ಟೆ ಹುಣ್ಣಾಗುವಂತೆ ನಗುತ್ತಾನೆ. ಹೀಗಿರಲಾಗಿ, ಕುರಿಗಾಹಿಗಳ ನಡುವೆ ಕುಳಿತ ಗಡ್ಡಪ್ಪನು ತನ್ನ ತಂದೆಯ ಮತ್ತು ಹೆಂಡತಿಯ ವಿಷಯವಾದ ಹಳೆಯ ಕಥೆಯೊಂದನ್ನು, ಬೇರೆ ಯಾರದೋ ಮನೆಯ ಸಂಗತಿಯೆಂಬಂತೆ, ಧ್ವನಿಯನ್ನು ಏರಿಸದೆ ಇಳಿಸದೆ ಹೇಳಿ ಮುಗಿಸುತ್ತಾನೆ. ಅದುವರೆಗೆ ನಕ್ಕ ನಗೆಯೆಲ್ಲ ಆಗ ಗಂಟಲಲ್ಲಿ ನಿಲ್ಲುತ್ತದೆ. ಅವನು ತಿರುಗಾಡುವುದೇಕೆಂದು ಯಾರೂ ವಿವರಿಸುವುದಿಲ್ಲ. ವಿವರಿಸುವ ಅಗತ್ಯವೂ ಬೀಳುವುದಿಲ್ಲ. ಹಾಸ್ಯದ ಬಸಿರಿನಲ್ಲಿ ಕರುಣವನ್ನು ಅಡಗಿಸಿಟ್ಟ ಇಂಥ ಕೃತಿಗಳು ಕನ್ನಡದಲ್ಲಿ ವಿರಳ.

ಜಿ. ವಿ. ಅಯ್ಯರ್ ಅವರ ‘ಆದಿ ಶಂಕರಾಚಾರ್ಯ’ವು (1983) ಸಂಸ್ಕೃತದಲ್ಲಿ ತಯಾರಾದ ಮೊದಲನೆಯ ಚಲಚ್ಚಿತ್ರವೆಂಬ ಗೌರವಕ್ಕೆ ಪಾತ್ರವಾದುದು. ಗೀರ್ವಾಣಭಾಷೆಯನ್ನು ತೆರೆಯ ಮೇಲೆ ಕೇಳುವ ಸಂತೋಷವು ದೊಡ್ಡದಾದರೂ ಅದಕ್ಕಾಗಿ ವಿಮರ್ಶೆಯು ಮೈಮರೆಯಬಾರದು. ಮೃತ್ಯುವನ್ನೂ ಪ್ರಜ್ಞಾನವನ್ನೂ ಇಬ್ಬರು ಗೆಳೆಯರನ್ನಾಗಿ ಮಾಡಿ ಶಂಕರರ ಜೊತೆಯಲ್ಲಿ ನಡೆಯಿಸಿರುವುದು ಜಾಣತನದ ಕಲ್ಪನೆ. ಆದರೆ ತತ್ತ್ವಕ್ಕೆ ಕೈಕಾಲು ಬಂದೊಡನೆ ಅದು ಹೆಸರು ಹಿಡಿದು ಕರೆಯುವ ವಸ್ತುವಾಗಿಬಿಡುತ್ತದೆ. ನದಿಗಳ, ಕಾಡುಗಳ, ಪರ್ವತಗಳ ಮೌನವನ್ನು ಹಿಡಿದಿರುವ ಛಾಯಾಗ್ರಹಣವು ಆ ಗೆಳೆಯರಿಬ್ಬರಿಗಿಂತ ಹೆಚ್ಚು ವೇದಾಂತವನ್ನು ಬೋಧಿಸುತ್ತದೆ.

ಹಾಗಾದರೆ ಸಂಗೀತವೆಲ್ಲ ದೋಷವೇ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಇದೆ. ಹಣವನ್ನರಸಿ ಊರು ಬಿಟ್ಟಿದ್ದ ಹರಿಹರನು ಹಿಂದಿರುಗಿ, ಮಗಳು ದುರ್ಗೆಯು ತೀರಿಹೋದುದನ್ನರಿಯದೆ, ಅವಳಿಗಾಗಿ ತಂದ ಸೀರೆಯನ್ನು ಹೆಂಡತಿಯ ಕೈಯಲ್ಲಿಡುತ್ತಾನೆ. ಸರ್ವಜಯೆಯು ಆ ಸೀರೆಯನ್ನು ಬಾಯಿಗೊತ್ತಿಕೊಂಡು ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಆದರೆ ಕೇಳಿಬರುವುದು ಅವಳ ಅಳುವಲ್ಲ. ಅದರ ಸ್ಥಾನದಲ್ಲಿ ತಾರ್ ಶಹನಾಯಿಯು ಪಟದೀಪ ರಾಗದ ತಾರಸ್ವರಗಳನ್ನು ಕೊಯ್ದಂತೆ ನುಡಿಯುತ್ತದೆ. ರವಿಶಂಕರ್ ಅವರ ಸಂಗೀತವು ಇಲ್ಲಿ ಅಳುವಿಗೆ ಜೊತೆಗೂಡಿಲ್ಲ, ಅಳುವನ್ನು ಮರೆಮಾಡಿದೆ. ಮರೆಯಾದುದನ್ನು ಪ್ರೇಕ್ಷಕನು ತನ್ನೊಳಗೇ ಕೇಳಿಕೊಳ್ಳಬೇಕಾಗಿದೆ. ಶಬ್ದವೇ ಧ್ವನಿಯಾಗುವ ಬಗೆ ಇದು. ಇನ್ನೊಂದು ಸ್ಥಳವು ಇದಕ್ಕಿಂತಲೂ ಸೂಕ್ಷ್ಮವಾದುದು. ದುರ್ಗೆಯು ಕದ್ದಿಲ್ಲವೆಂದು ಹಟ ಹಿಡಿದಿದ್ದ ಮಣಿಸರವು ಅವಳು ಸತ್ತ ಬಳಿಕ ತಮ್ಮ ಅಪುವಿನ ಕೈಗೆ ಸಿಗುತ್ತದೆ. ಹುಡುಗನು ಯಾರೊಡನೆಯೂ ಹೇಳದೆ ಅದನ್ನು ಕೊಳಕ್ಕೆಸೆಯುತ್ತಾನೆ. ನೀರಿನ ಮೇಲಿನ ಪಾಚಿಯು ಒಂದು ಗಳಿಗೆ ಬಾಯ್ದೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ತಂಗಾಳಿಯಂತೆ ಹಾದುಹೋಗುವ ಈ ದೃಶ್ಯದಲ್ಲಿ ಅಕ್ಕನ ಮಾನವನ್ನು ತಮ್ಮನು ಕಾಯ್ದನೆಂಬ ಅರ್ಥವು ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ.

ಜಪಾನಿನ ಒಜು ಅವರ ‘ಟೋಕಿಯೋ ಕಥೆ’ಯು (1953) ಮೌನದಲ್ಲಿ ಇದಕ್ಕೂ ಮುಂದೆ ಹೋಗಿದೆ. ಒನೊಮಿಚಿಯಲ್ಲಿರುವ ಮುದುಕ ದಂಪತಿಗಳು ಮಕ್ಕಳನ್ನು ನೋಡಲು ರಾಜಧಾನಿಗೆ ಬರುತ್ತಾರೆ, ಮಕ್ಕಳಿಗೆ ಬಿಡುವಿಲ್ಲ, ಯುದ್ಧದಲ್ಲಿ ಮಡಿದ ಮಗನ ಹೆಂಡತಿಯೊಬ್ಬಳೇ ಆದರಿಸುತ್ತಾಳೆ. ಊರಿಗೆ ಮರಳಿದ ಮುದುಕಿಯು ತೀರಿಕೊಂಡ ಬೆಳಗ್ಗೆ ಮುದುಕನು ಹೊರಗೆ ಒಬ್ಬನೇ ನಿಂತಿರುತ್ತಾನೆ. ಹುಡುಕಿಕೊಂಡು ಬಂದ ಸೊಸೆಗೆ ಅವನು ಹೇಳುವುದು ಸೂರ್ಯೋದಯವು ಸೊಗಸಾಗಿತ್ತೆಂದೂ ಈ ದಿನ ಸೆಕೆ ಹೆಚ್ಚಾಗುವುದೆಂದೂ ಇಷ್ಟೇ. ಇಂಥ ಸಂಯಮವು ಪರದೇಶದವರಿಗೇ ಮೀಸಲೆಂದು ತಿಳಿಯಬೇಕಾಗಿಲ್ಲ. ಭಾವವನ್ನು ಮರೆಸುವ ಭಾವಕ್ಕೆ ಅವಹಿತ್ಥವೆಂದು ಹೆಸರಿಟ್ಟು ಮೂವತ್ತಮೂರು ವ್ಯಭಿಚಾರಿಗಳಲ್ಲಿ ಭರತನೇ ಸೇರಿಸಿದ್ದಾನೆ. ಮದುವೆಯ ಮಾತು ನಡೆಯುತ್ತಿರುವಾಗ ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕಮಲದ ಎಸಳುಗಳನ್ನೆಣಿಸುವ ಪಾರ್ವತಿಯೂ, ಹವೆಯ ಮಾತನ್ನಾಡುವ ಈ ಮುದುಕನೂ ಒಂದೇ ಕುಲದವರು.

ಎಲ್ಲಕ್ಕೂ ಕಡೆಯಲ್ಲಿ ನೋಡಲು ದೊರೆತುದು ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977). ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಕಪ್ಪುಬಿಳುಪಿನಲ್ಲಿ ತೆಗೆದ, ಸ್ವರ್ಣಕಮಲವನ್ನು ಪಡೆದ ಈ ಚಿತ್ರದ ಜೀರ್ಣೋದ್ಧಾರವಾದ ಪ್ರತಿಯನ್ನು 2024ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ತೋರಿಸಲಾಯಿತು. ಮಲೆನಾಡಿನ ಒಂದು ವೇದಪಾಠಶಾಲೆಗೆ ನಾಣಿಯೆಂಬ ಪುಟ್ಟ ಹುಡುಗನು ಬಂದು ಸೇರುತ್ತಾನೆ. ಗುರುಗಳಾದ ಉಡುಪರ ಮಗಳು ಯಮುನೆ ಬಾಲವಿಧವೆ. ಮನೆ ಬಿಟ್ಟು ಬಂದ ಹುಡುಗನಿಗೆ ಅವಳೇ ಅಕ್ಕ, ಅವಳೇ ತಾಯಿ. ಅವಳು ಗರ್ಭವತಿಯೆಂಬುದು ಊರಿಗೆ ತಿಳಿಯುತ್ತದೆ. ಅದನ್ನು ತಾನು ಅರೆಬರೆ ತಿಳಿದ ಹುಡುಗನು ಅವಳ ಜೊತೆಯನ್ನು ಬಿಡದೆ ನಡೆಯುತ್ತಾನೆ. ಚಿತ್ರವು ಆ ಹುಡುಗನ ಕಣ್ಣಿನ ಎತ್ತರವನ್ನು ಬಿಟ್ಟು ಮೇಲೇಳುವುದಿಲ್ಲ. ಆದಕಾರಣ ಪಾಪ, ಪತನ, ಅಧರ್ಮ ಎಂಬ ದೊಡ್ಡ ಮಾತುಗಳೆಲ್ಲ ದೊಡ್ಡವರ ಬಾಯಲ್ಲಿ ಮಾತ್ರ ಉಳಿಯುತ್ತವೆ. ಹುಡುಗನಿಗೆ ಕಾಣುವುದು ಅಕ್ಕನ ಮುಖ, ಹುತ್ತದೊಳಕ್ಕೆ ಅವಳು ಚಾಚುವ ಕೈ. ಗರ್ಭವನ್ನು ಕಳೆಯುವ ಇರುಳಿನಲ್ಲಿ ಹೊರಗೆ ಬಡಿಯುವ ವಾದ್ಯಗಳ ಸದ್ದೊಂದೇ ಆ ಗಳಿಗೆಯ ಘೋರವನ್ನು ಹೊರುತ್ತದೆ. ಬಿ. ವಿ. ಕಾರಂತರು ಅಲ್ಲಿ ಒಂದು ಸ್ವರದಷ್ಟು ಕರುಣವನ್ನು ಬೆರೆಸಿದ್ದರೂ ಕೆಡುತ್ತಿತ್ತು.

ಈ ಚಿತ್ರವು ಶಾಸ್ತ್ರಕ್ಕೆ ಅನ್ಯಾಯ ಮಾಡಿದೆಯೆಂಬ ಆಕ್ಷೇಪವು ಹಳೆಯದು. ಆಕ್ಷೇಪಿಸುವವರ ಪಕ್ಷದಲ್ಲಿ ಹೇಳಬಹುದಾದುದನ್ನು ಹೇಳಿಬಿಡುವುದು ಒಳ್ಳೆಯದು. ಪತಿತನನ್ನು ಸತ್ತವನೆಂದೆಣಿಸಿ ನೀರು ಬಿಟ್ಟು ಕೊಡವನ್ನುರುಳಿಸುವ ವಿಧಿಯು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಅವನು ಪ್ರಾಯಶ್ಚಿತ್ತ ಮಾಡಿಕೊಂಡರೆ ಬಂಧುಗಳು ಅವನೊಡನೆ ಪುಣ್ಯಜಲದಲ್ಲಿ ಮಿಂದು ಹೊಸ ಕೊಡವೊಂದನ್ನು ನೀರಿಗೆ ಬಿಟ್ಟು ಮರಳಿ ಕೂಡಿಕೊಳ್ಳತಕ್ಕದ್ದೆಂಬ ವಿಧಿಯೂ ಅಲ್ಲಿಯೇ ಇದೆ. ಸ್ತ್ರೀಯರ ವಿಷಯದಲ್ಲಿ ಇನ್ನೂ ಒಂದು ಮಾತು ಹೆಚ್ಚು: ಪತಿತೆಯಾದವಳಿಗೂ ಅನ್ನವನ್ನೂ ನೀರನ್ನೂ ಬಟ್ಟೆಯನ್ನೂ ಕೊಡಬೇಕು, ಮನೆಯ ಹತ್ತಿರವೇ ಅವಳು ಇರಬೇಕು. ಇಷ್ಟನ್ನೆಲ್ಲ ಚಿತ್ರವು ಹೇಳಿಲ್ಲ, ನಿಜ. ಆದರೆ ಹೇಳಬೇಕಾಗಿದ್ದವರು ಯಾರು? ಕಥೆಯು ನಡೆಯುವುದು ಓದುಬರಹವಿಲ್ಲದವರ ಕೇರಿಯಲ್ಲಲ್ಲ, ಪಾಠಶಾಲೆಯಲ್ಲಿ. ಗ್ರಂಥವನ್ನು ಬಲ್ಲವರೇ ಅಲ್ಲಿ ಸೇರಿದ್ದಾರೆ. ಕೊಡವನ್ನೊಡೆಯುವ ಶ್ಲೋಕವು ಅವರ ನೆನಪಿಗೆ ಬಂದಿತು. ಅನ್ನ ಹಾಕಬೇಕೆಂಬ ಶ್ಲೋಕವು ಬರಲಿಲ್ಲ. ಚಿತ್ರವು ಅವರನ್ನು ಕ್ರೂರರೆಂದು ಕರೆಯುವುದಿಲ್ಲ. ತಂದೆಯನ್ನು ರಾಕ್ಷಸನನ್ನಾಗಿಯೂ ಮಾಡಿಲ್ಲ. ವಿಧಿಯನ್ನು ತಪ್ಪಿಲ್ಲದೆ ನೆರವೇರಿಸುವ ಮುದುಕನನ್ನು ತೋರಿಸುತ್ತದೆ, ಆಮೇಲೆ ಅದೇ ಮುದುಕನು ಹದಿನಾರರ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವನೆಂಬ ಸುದ್ದಿಯನ್ನು ದಾರಿಹೋಕರ ಮಾತಿನಂತೆ ಕೇಳಿಸಿ ಸುಮ್ಮನಾಗುತ್ತದೆ. ಆರೋಪವೆಂಬ ಶಬ್ದವಿಲ್ಲದೆಯೇ ಆರೋಪವು ಸಿದ್ಧವಾಯಿತು. ವಿದ್ಯಾವಂತರಿಗೆ ಈ ಚಿತ್ರವನ್ನು ನೋಡುವುದು ಕಷ್ಟವಾಗುವುದು ಇದಕ್ಕಾಗಿಯೇ ಹೊರತು ಶಾಸ್ತ್ರನಿಂದೆಗಾಗಿ ಅಲ್ಲ.

ನಾಣಿಯನ್ನು ಅವನ ತಂದೆಯು ಬಂದು ಊರಿಗೆ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಮರದ ಕೆಳಗೆ ತಲೆ ಬೋಳಿಸಿದ ಯಮುನೆಯು ಕುಳಿತಿದ್ದಾಳೆ. ಹುಡುಗನಿಗೆ ಮಂತ್ರ ಎಷ್ಟು ಬಂದಿತೆಂದು ಚಿತ್ರವು ಹೇಳುವುದಿಲ್ಲ.