ಮಾತು ಕೊಟ್ಟ ಅಧ್ಯಕ್ಷ, ಕೆರೆ ಒಡೆಸಿದ ನವಾಬ

ದೂರದ ದೇಶದಲ್ಲಿ ಯುದ್ಧ ಶುರುವಾದಾಗಲೆಲ್ಲ ನಮ್ಮಲ್ಲಿ ಅಧ್ಯಕ್ಷರುಗಳ ಬಗ್ಗೆ ತೀರ್ಪು ಕೊಡುವ ಕೆಲಸವೂ ಶುರುವಾಗುತ್ತದೆ. ಯಾರು ಗಟ್ಟಿಗ, ಯಾರು ಪುಕ್ಕಲ, ಯಾರು ಎದುರಾಳಿಯನ್ನು ಮಣಿಸಿದ ಎಂಬುದೇ ಟಿ.ವಿ. ಚರ್ಚೆಯಿಂದ ಹಿಡಿದು ಚಹಾದಂಗಡಿಯ ತನಕ ಎಲ್ಲ ಕಡೆಯ ಅಳತೆಗೋಲು. 2003ರ ಮೇ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಶ್ ಯುದ್ಧನೌಕೆಯ ಮೇಲೆ ನಿಂತು, ಇರಾಕ್‌ನಲ್ಲಿ ಪ್ರಮುಖ ಕಾರ್ಯಾಚರಣೆ ಮುಗಿಯಿತೆಂದು ಸಾರಿದಾಗ ಅವರನ್ನು ಧೀರನೆಂದು ಕೊಂಡಾಡಿದವರಿಗೆ ಕಡಿಮೆಯೇನಿರಲಿಲ್ಲ. ಯುದ್ಧಕ್ಕೆ ನೆಪವಾಗಿದ್ದ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ಮುಗಿಯಿತೆಂದ ಯುದ್ಧ ವರ್ಷಗಟ್ಟಲೆ ಮುಂದುವರಿಯಿತು. 1956ರಲ್ಲಿ ಇನ್ನೊಬ್ಬ ಅಮೆರಿಕನ್ ಅಧ್ಯಕ್ಷ ಐಸೆನ್‌ಹೋವರ್, ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆರಗಿದ ತನ್ನದೇ ಮಿತ್ರ ಬ್ರಿಟನ್ನಿನ ಮೇಲೆ ಒತ್ತಡ ಹೇರಿ ಹಿಂದೆ ಸರಿಯುವಂತೆ ಮಾಡಿದರು. ಇವರಿಬ್ಬರಲ್ಲಿ ದೊಡ್ಡ ನಾಯಕ ಯಾರು? ಭಾಷಣ ನೋಡಿ ಹೇಳಿದರೆ ಒಂದು ಉತ್ತರ, ಪರಿಣಾಮ ನೋಡಿ ಹೇಳಿದರೆ ಇನ್ನೊಂದು ಉತ್ತರ.

ಈ ಅಳತೆಗೋಲನ್ನು ಸರಿಪಡಿಸಿಕೊಳ್ಳಲು ನಾವು ವಾಷಿಂಗ್ಟನ್ನಿಗೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳ ಚರಿತ್ರೆಯೇ ಸಾಕು. ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಪುಣೆ, ಹೈದರಾಬಾದ್, ಶ್ರೀರಂಗಪಟ್ಟಣ ಮತ್ತು ಮದ್ರಾಸಿನ ನಡುವೆ ನಡೆದ ಚದುರಂಗದಲ್ಲಿ ಈ ಸೀಮೆ ಪದೇ ಪದೇ ಪಣವಾಯಿತು. ಆ ಆಟದಲ್ಲಿ ಒಬ್ಬ ನವಾಬನಿದ್ದ. ಒಬ್ಬ ಅಧ್ಯಕ್ಷನೂ ಇದ್ದ. ಮದ್ರಾಸ್ ಪ್ರೆಸಿಡೆನ್ಸಿ ಎಂಬ ಮಾತನ್ನು ಪಾವಗಡದ ಗಡಿಯ ಹಿರಿಯರು ಚೆನ್ನಾಗಿ ಬಲ್ಲರು, ಏಕೆಂದರೆ ಪಕ್ಕದ ಅನಂತಪುರ 1953ರ ತನಕ ಮದ್ರಾಸಿಗೇ ಸೇರಿತ್ತು. ಆ ಹೆಸರು ಬಂದದ್ದು ಈಸ್ಟ್ ಇಂಡಿಯಾ ಕಂಪೆನಿಯ ಕೌನ್ಸಿಲಿನ ಪ್ರೆಸಿಡೆಂಟ್‌ನಿಂದ, ಅಂದರೆ ಅಧ್ಯಕ್ಷನಿಂದ. 1767ರಿಂದ 1770ರ ತನಕ ಆ ಕುರ್ಚಿಯಲ್ಲಿದ್ದವನು ಚಾರ್ಲ್ಸ್ ಬೌರ್ಷಿಯರ್, ಅವನ ನಂತರ ಬಂದವನು ಜೋಸಿಯಸ್ ಡು ಪ್ರೆ.

ಮೊದಲು ನವಾಬನ ವಿಷಯ. ಶಿರಾ 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿತ್ತು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಹೇಳಿಕೆಯಿದೆ. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಮೂರು ಲಕ್ಷ ರೂಪಾಯಿಗೆ ಹೈದರಾಲಿಯನ್ನು ಶಿರಾದ ನವಾಬನೆಂದು ಘೋಷಿಸಿದ. ವಿಚಿತ್ರವೆಂದರೆ ಆಗ ಶಿರಾ ಬಸಾಲತ್ ಜಂಗನ ಕೈಯಲ್ಲಿರಲೇ ಇಲ್ಲ, ಮರಾಠರ ಕೈಯಲ್ಲಿತ್ತು. ತನ್ನದಲ್ಲದ್ದನ್ನು ಒಬ್ಬ ಮಾರಿದ, ಇನ್ನೊಬ್ಬ ಕೊಂಡ. ಆದರೆ ಕೊಂಡವನು ಮೂರ್ಖನಾಗಿರಲಿಲ್ಲ. ಪಾಣಿಪತ್ತಿನ ಸೋಲಿನಿಂದ ಮರಾಠರು ಕುಗ್ಗಿದ್ದ ಸಮಯ ನೋಡಿ ಹೈದರ್ ಶಿರಾವನ್ನು ವಶಪಡಿಸಿಕೊಂಡ. ನಿಡಗಲ್ಲಿನ ಪಾಳೆಗಾರರೂ ಅವನಿಗೆ ಕಪ್ಪ ಕಟ್ಟಬೇಕಾಯಿತು.

1767ರಲ್ಲಿ ಪೇಶ್ವೆ ಮಾಧವರಾವ್ ದೊಡ್ಡ ಸೈನ್ಯದೊಂದಿಗೆ ದಕ್ಷಿಣಕ್ಕೆ ಬಂದ. ಬಯಲಿನಲ್ಲಿ ಅವನನ್ನು ಎದುರಿಸಲಾಗದೆಂದು ಅರಿತ ಹೈದರ್, ಶತ್ರು ಬರುವ ದಾರಿಯಲ್ಲಿ ಕೆರೆಗಳ ಏರಿ ಒಡೆಯಲು, ಬಾವಿಗಳಿಗೆ ಕಳ್ಳಿಯ ಹಾಲು ಬೆರೆಸಲು, ಮೇವು ಸುಡಲು, ಜನ ಜಾನುವಾರುಗಳನ್ನು ಕಾಡಿಗಟ್ಟಲು ಆಜ್ಞೆ ಮಾಡಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಯುದ್ಧಶಾಸ್ತ್ರದಲ್ಲಿ ಇದನ್ನು ಜಾಣತನವೆನ್ನಬಹುದು. ಆದರೆ ನದಿಯ ಆಸರೆ ಕಡಿಮೆಯಿರುವ, ಮಳೆಗಾಗಿ ಮುಗಿಲು ನೋಡುವ ಸೀಮೆಯ ರೈತನಿಗೆ ಕೆರೆಯ ಏರಿ ಒಡೆಯುವುದೆಂದರೆ ಏನೆಂದು ಶಿರಾ, ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶತ್ರು ಒಂದು ಬೇಸಗೆ ಇದ್ದು ಹೋಗುತ್ತಾನೆ. ಒಡೆದ ಏರಿ ಕಟ್ಟಲು ಒಂದು ತಲೆಮಾರು ಬೇಕು. ಅಷ್ಟಾಗಿಯೂ ಆ ಸೈನ್ಯ ನಿಲ್ಲಲಿಲ್ಲ. ಹೈದರನ ಭಾವಮೈದುನ, ಶಿರಾದ ಅಧಿಕಾರಿ ಮೀರ್ ಅಲಿ ರಜಾ ಖಾನ್ ಕೋಟೆಯನ್ನು ಮರಾಠರಿಗೆ ಒಪ್ಪಿಸಿ ಅವರ ಕಡೆಗೇ ಸೇರಿಕೊಂಡ. ಮಧುಗಿರಿ ದುರ್ಗವೂ ಬಿತ್ತು. 1763ರಲ್ಲಿ ಬಿದನೂರು ಗೆದ್ದ ಮೇಲೆ ಹೈದರ್ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವರ ದತ್ತುಪುತ್ರನನ್ನೂ ಈ ದುರ್ಗದಲ್ಲೇ ಸೆರೆಯಿಟ್ಟಿದ್ದ. ಮರಾಠರು ಅವರನ್ನು ಬಿಡಿಸಿದರು. ಆದರೆ ರಾಣಿ ಪುಣೆಯ ದಾರಿಯಲ್ಲೇ ಕೊನೆಯುಸಿರೆಳೆದರು.

ಇಲ್ಲಿಂದ ಮುಂದೆ ಹೈದರನ ರಾಜತಂತ್ರ ಕಾಣುತ್ತದೆ. ಅವನು ಅಪ್ಪಾಜಿರಾಮ್ ಎಂಬ ಬ್ರಾಹ್ಮಣ ವಕೀಲನನ್ನು ಸಂಧಾನಕ್ಕೆ ಕಳಿಸಿದ. ಮೈಸೂರಿನ ಅರಸನನ್ನು ಹೈದರ್ ಮೂಲೆಗೊತ್ತಿದ್ದಾನೆಂಬ ಆಕ್ಷೇಪ ಪೇಶ್ವೆಯ ದರ್ಬಾರಿನಲ್ಲಿ ಬಂದಾಗ, ದೊಡ್ಡವರು ಮೇಲ್ಪಂಕ್ತಿ ಹಾಕಿಕೊಟ್ಟರೆ ನಮ್ಮ ಯಜಮಾನರೂ ಅನುಸರಿಸುತ್ತಾರೆ ಎಂಬರ್ಥದ ಉತ್ತರವನ್ನು ಅವನು ಕೊಟ್ಟನಂತೆ. ಸಾತಾರಾದ ರಾಜನನ್ನು ಪೇಶ್ವೆಗಳು ಇಟ್ಟಿದ್ದ ಸ್ಥಿತಿಯೂ ಅದೇ ಆಗಿದ್ದರಿಂದ ಮಾಧವರಾವ್ ತಲೆ ತಗ್ಗಿಸಿದನೆಂದು ಹೇಳುತ್ತಾರೆ. ಕೊನೆಗೆ ಮೂವತ್ತೈದು ಲಕ್ಷ ರೂಪಾಯಿಗೆ ಒಪ್ಪಂದವಾಯಿತು. ಅರ್ಧ ಹಣ ತಕ್ಷಣ, ಉಳಿದರ್ಧಕ್ಕೆ ಕೋಲಾರ ಅಡಮಾನ. ಸೈನ್ಯ ಹಿಂದಿರುಗಿತು.

ಹಣ ಕೊಟ್ಟು ಶಾಂತಿ ಕೊಂಡವನನ್ನು ಪುಕ್ಕಲ ಎನ್ನಬೇಕೆ? ನಮಗೆ ಹಾಗನ್ನಿಸುವುದಿಲ್ಲ. ಅದೇ ಹೊತ್ತಿಗೆ ನಿಜಾಮ ಮತ್ತು ಇಂಗ್ಲಿಷರು ಇನ್ನೊಂದು ದಿಕ್ಕಿನಿಂದ ಬರುತ್ತಿದ್ದರು. ಮೂವರೊಡನೆ ಒಟ್ಟಿಗೆ ಕಾದಾಡಿ ನಾಶವಾಗುವ ಬದಲು ಒಬ್ಬನನ್ನು ಹಣದಿಂದ ಹಿಂದಿರುಗಿಸಿ, ಇನ್ನೊಬ್ಬನಾದ ನಿಜಾಮನನ್ನು ಸ್ವಲ್ಪ ಕಾಲವಾದರೂ ತನ್ನ ಕಡೆಗೆ ಒಲಿಸಿಕೊಂಡದ್ದು ನಾಯಕತ್ವವೇ. ತನಗೆ ದ್ರೋಹ ಬಗೆದ ಮೀರ್ ಅಲಿ ರಜಾ ಖಾನನನ್ನೂ ಹೈದರ್ ಮುಂದೆ ಮರಳಿ ಸೇರಿಸಿಕೊಂಡ. ಆ ಮನುಷ್ಯ 1781ರಲ್ಲಿ ಪೋರ್ಟೊ ನೋವೊ ಯುದ್ಧದಲ್ಲಿ ಹೈದರನ ಪರವಾಗಿಯೇ ಹೋರಾಡಿ ಪ್ರಾಣ ಬಿಟ್ಟ.

ಇನ್ನು ಮದ್ರಾಸಿನ ಅಧ್ಯಕ್ಷ. ಹೈದರ್ ಇಂಗ್ಲಿಷರ ಮೇಲೆ ದಾಳಿ ಮಾಡಿರಲಿಲ್ಲ. ಆದರೂ 1766ರ ನವೆಂಬರಿನಲ್ಲಿ ಮದ್ರಾಸಿನವರು ನಿಜಾಮನಿಗೆ ಸೈನ್ಯದ ನೆರವು ಕೊಡುವ ಒಪ್ಪಂದ ಮಾಡಿಕೊಂಡು, ತಮಗೆ ಬೇಕಿಲ್ಲದ ಯುದ್ಧವನ್ನು ತಲೆಯ ಮೇಲೆ ಎಳೆದುಕೊಂಡರು. ರಣರಂಗದಲ್ಲಿ ಕರ್ನಲ್ ಸ್ಮಿತ್ ಗೆಲ್ಲುತ್ತಿದ್ದಾಗ, ಬೌರ್ಷಿಯರನ ಕೌನ್ಸಿಲ್ ತನ್ನ ಪ್ರತಿನಿಧಿಗಳನ್ನು ಅಲ್ಲಿಗೇ ಕಳಿಸಿ ದಂಡನಾಯಕನ ಕೈ ಕಟ್ಟಿಹಾಕಿತು. 1768ರಲ್ಲಿ ಹೈದರ್ ಬಾರಾಮಹಲ್ ಮತ್ತು ಹತ್ತು ಲಕ್ಷ ರೂಪಾಯಿ ಕೊಟ್ಟು ಸಂಧಿಗೆ ಮುಂದಾದ. ಗೆಲುವಿನ ಅಮಲಿನಲ್ಲಿದ್ದ ಕೌನ್ಸಿಲ್ ಇನ್ನೂ ಹೆಚ್ಚು ಕೇಳಿತು. ಫಲವೇನು? ಕೆಲವೇ ತಿಂಗಳಲ್ಲಿ ಹೈದರ್ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆದ. 1769ರ ಮಾರ್ಚಿನಲ್ಲಿ ಆರು ಸಾವಿರ ಕುದುರೆ ಸವಾರರೊಂದಿಗೆ ಮದ್ರಾಸಿನ ಬಾಗಿಲಿಗೇ ಬಂದು ನಿಂತ. ಸಂಧಿ ಬೇಡವೆಂದಿದ್ದ ಅಧ್ಯಕ್ಷ ಈಗ ಗೆದ್ದವನ ಷರತ್ತಿಗೆ ಒಪ್ಪಿ ಏಪ್ರಿಲ್‌ನಲ್ಲಿ ಸಂಧಿ ಮಾಡಿಕೊಂಡ. ಇಬ್ಬರಲ್ಲಿ ಯಾರ ಮೇಲೆ ಬೇರೆಯವರು ದಾಳಿ ಮಾಡಿದರೂ ಇನ್ನೊಬ್ಬರು ನೆರವಿಗೆ ಬರಬೇಕೆಂಬುದು ಅದರ ಮುಖ್ಯ ಕಲಮು.

ಆ ಕಲಮಿಗೆ ಪರೀಕ್ಷೆ ಬಂದದ್ದು ಮರುವರ್ಷವೇ. 1770ರಲ್ಲಿ ಮಾಧವರಾವ್ ಮತ್ತೆ ಬಂದ. ಚಿತ್ರದುರ್ಗದ ಮದಕರಿ ನಾಯಕ ನಿಜಗಲ್ಲಿನ ಮುತ್ತಿಗೆಯಲ್ಲಿ ಮರಾಠರ ಪರವಾಗಿ ಸಾಹಸ ತೋರಿದ. 1771ರಲ್ಲಿ ಮೇಲುಕೋಟೆಯ ಹತ್ತಿರದ ಚಿನಕುರಳಿಯಲ್ಲಿ ಹೈದರನ ಸೈನ್ಯ ನುಚ್ಚುನೂರಾಯಿತು. ಅವನು ಮದ್ರಾಸಿಗೆ ಮತ್ತೆ ಮತ್ತೆ ಹೇಳಿಕಳಿಸಿದ. ಡು ಪ್ರೆಯ ಕೌನ್ಸಿಲ್ ಕದಲಲಿಲ್ಲ. 1772ರಲ್ಲಿ ಹೈದರ್ ಭಾರೀ ಬೆಲೆ ತೆತ್ತು ಮರಾಠರೊಡನೆ ಸಂಧಿ ಮಾಡಿಕೊಳ್ಳಬೇಕಾಯಿತು. ಪುಣೆಯಲ್ಲಿ ಮಾಧವರಾವ್ ತೀರಿಕೊಂಡು ಅಧಿಕಾರದ ಜಗಳ ಎದ್ದ ಮೇಲಷ್ಟೇ, 1774ರಲ್ಲಿ, ಟಿಪ್ಪುವಿನ ಮೂಲಕ ಶಿರಾ ಮೈಸೂರಿಗೆ ಮರಳಿತು.

ಮದ್ರಾಸಿನ ಅಧ್ಯಕ್ಷರ ವಿಷಯದಲ್ಲಿ ನಮ್ಮ ತೀರ್ಪಿಗೆ ಹೆಚ್ಚು ಯೋಚನೆ ಬೇಕಿಲ್ಲ. ಮಾತು ಮುರಿದದ್ದರಿಂದ ಅವರಿಗೆ ಅಂದು ಏನೂ ನಷ್ಟವಾಗಲಿಲ್ಲ. ಆದರೆ ಹೈದರ್ ಅದನ್ನು ಮರೆಯಲಿಲ್ಲ. 1780ರಲ್ಲಿ ಅವನು ಪುಣೆ ಮತ್ತು ಹೈದರಾಬಾದಿನೊಂದಿಗೆ ಕೂಡಿಕೊಂಡು ಕರ್ನಾಟಿಕ್ ಪ್ರಾಂತ್ಯಕ್ಕೆ ಇಳಿದಾಗ ಮದ್ರಾಸಿನ ಸುತ್ತಲಿನ ಹಳ್ಳಿಗಳು ಉರಿದವು. ಒಬ್ಬ ಅಧ್ಯಕ್ಷ ಉಳಿಸಿಕೊಳ್ಳದ ಮಾತಿನ ಬೆಲೆಯನ್ನು ಹತ್ತು ವರ್ಷದ ನಂತರ ಆ ಒಪ್ಪಂದದ ಹೆಸರೇ ಕೇಳಿರದ ರೈತರು ತೆತ್ತರು.

ಹೈದರನ ವಿಷಯದಲ್ಲಿ ತೀರ್ಪು ಇಷ್ಟು ಸುಲಭವಲ್ಲ. ಸಮಯ ಅರಿಯುವುದರಲ್ಲಿ, ಸೋತಾಗ ಕೈಬಿಡುವುದರಲ್ಲಿ, ಯೋಗ್ಯನನ್ನು ಜಾತಿ ಮತ ನೋಡದೆ ಆರಿಸುವುದರಲ್ಲಿ ಅವನಿಗೆ ಸಾಟಿಯಾದವರು ಆ ಕಾಲದಲ್ಲಿ ಕಡಿಮೆ. ಆದರೆ 1769ರ ಕಾಗದದ ಮೇಲೆ ಅವನು ಇಟ್ಟ ಭರವಸೆ ಅತಿಯಾಯಿತು. ಅದರ ಬಲದ ಮೇಲೆ ಮರಾಠರಿಗೆ ಸಲ್ಲಬೇಕಾದ ಹಣವನ್ನು ತಡೆದ. ಸಾವಿರಾರು ಮೈಲಿ ದೂರದ ಲಾಭಕ್ಕಾಗಿ ಬಂದ ವ್ಯಾಪಾರಿಯ ಸಹಿಯನ್ನು ನಂಬಿ ನೆರೆಯವನ ಮುನಿಸನ್ನು ಹಗುರವಾಗಿ ಕಂಡದ್ದು ದೊಡ್ಡ ತಪ್ಪು. ನೆರೆಯವರೊಂದಿಗೆ ಕೂಡುವ ಬುದ್ಧಿ 1780ರಲ್ಲಿ ಬಂದಿತಾದರೂ ಅದು ಉಳಿಯಲಿಲ್ಲ. 1782ರ ಮೇ ತಿಂಗಳಲ್ಲಿ ಮರಾಠರು ಸಾಲ್ಬಾಯ್‌ನಲ್ಲಿ ಇಂಗ್ಲಿಷರೊಂದಿಗೆ ಪ್ರತ್ಯೇಕ ಸಂಧಿ ಮಾಡಿಕೊಂಡರು, ಡಿಸೆಂಬರಿನಲ್ಲಿ ಹೈದರ್ ಯುದ್ಧ ಮುಗಿಯುವ ಮೊದಲೇ ತೀರಿಕೊಂಡ. ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ಕೆರೆಗಳದ್ದು. ತನ್ನ ಪ್ರಜೆಯ ನೀರನ್ನೇ ಆಯುಧ ಮಾಡಿಕೊಂಡ ಅರಸನನ್ನು, ಅವನು ಎಷ್ಟೇ ದೊಡ್ಡವನಾಗಿರಲಿ, ನಾವು ಪೂರ್ತಿ ಸಮರ್ಥಿಸಲಾರೆವು. ಟಿಪ್ಪು ಶ್ರೀರಂಗಪಟ್ಟಣದ ಗಂಜಾಮನ್ನು ಬೆಳೆಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಒಯ್ದನೆಂಬ ಮಾತನ್ನೂ ಇದರ ಜೊತೆಗೇ ನೆನೆಯಬೇಕು.

ಈ ವಿಮರ್ಶೆ ಕೆಲವರಿಗೆ ರುಚಿಸಲಿಕ್ಕಿಲ್ಲ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿದಾಗಲೂ ನಮ್ಮ ನಾಡಿನಲ್ಲಿ ನಡೆದದ್ದು ಚರಿತ್ರೆಯ ಚರ್ಚೆಯಲ್ಲ. ಒಂದು ಗುಂಪಿಗೆ ಅಪ್ಪ ಮಗ ಇಬ್ಬರೂ ಮತಾಂಧರು, ಇನ್ನೊಂದು ಗುಂಪಿಗೆ ದೋಷವೇ ಇಲ್ಲದವರು. ಶಿರಾದ ಕತೆ ಇಬ್ಬರ ವಾದಕ್ಕೂ ಒಗ್ಗುವುದಿಲ್ಲ. ಶಿರಾ ಕೋಟೆಯನ್ನು ಪೇಶ್ವೆಗೆ ಒಪ್ಪಿಸಿದವನು ಮುಸಲ್ಮಾನ. ಪೇಶ್ವೆಯ ಎದುರು ಹೈದರನ ಪರವಾಗಿ ಮಾತಾಡಿ ಗೆದ್ದವನು ಬ್ರಾಹ್ಮಣ. ಹೈದರನ ಮೇಲೆ ಇಂಗ್ಲಿಷರ ಜೊತೆ ದಂಡೆತ್ತಿ ಹೊರಟವನು ನಿಜಾಮ. ಇದನ್ನು ಧರ್ಮಯುದ್ಧವೆನ್ನುವವರು ಯಾವ ಸಾಲಿನಲ್ಲಿ ಯಾರನ್ನು ನಿಲ್ಲಿಸುತ್ತಾರೆ? ಮುಸ್ಲಿಮ್ ಓದುಗರು ಹೈದರನನ್ನು ಕಣ್ಣುಮುಚ್ಚಿ ಹೊಗಳಬೇಕಾದ ಅಗತ್ಯವೂ ಇಲ್ಲ, ಇತರರು ಅವನನ್ನು ಕಣ್ಣುಮುಚ್ಚಿ ತೆಗಳಬೇಕಾದ ಅಗತ್ಯವೂ ಇಲ್ಲ. ಕಣ್ಣು ತೆರೆದು ನೋಡಿದರೆ ಕಲಿಯಲು ಬೇಕಾದಷ್ಟಿದೆ.

ಈ ನಾಲ್ಕೂ ತಾಲೂಕುಗಳು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿನ ಮಕ್ಕಳು ಮದ್ರಾಸ್ ಒಪ್ಪಂದ 1769 ಎಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಒಪ್ಪಂದ ಮುರಿದು ಬಿದ್ದಾಗ ತಮ್ಮ ಶಾಲೆಯ ಹಿಂದಿನ ಬೆಟ್ಟ, ತಮ್ಮೂರಿನ ಕೆರೆ ಏನಾಯಿತೆಂಬುದನ್ನೂ ಮೇಷ್ಟ್ರುಗಳು ಹೇಳಿಕೊಟ್ಟರೆ ಒಳ್ಳೆಯದು. ನಾಳೆ ಯಾವುದೋ ದೇಶದ ಅಧ್ಯಕ್ಷ ಟಿ.ವಿ.ಯಲ್ಲಿ ಬಂದು ತಾನು ಯುದ್ಧ ಗೆದ್ದೆ, ತಾನು ಶಾಂತಿ ತಂದೆ ಎಂದಾಗ, ಕೊಟ್ಟ ಮಾತು ಉಳಿಯಿತೇ, ಬೆಲೆ ತೆತ್ತವರು ಯಾರು ಎಂದು ಕೇಳುವ ಅಭ್ಯಾಸ ಅವರಿಗೆ ಆಗಲೇ ಬಂದಿರುತ್ತದೆ.