ಬ್ರೇಕಿಲ್ಲದ ಬೈಕಿನ ಸರದಾರ

ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇಲ್ಲ, ಗೇರೂ ಒಂದೇ. ಮೆಥನಾಲ್ ಕುಡಿದು ಓಡುವ 500 ಸಿಸಿ ಎಂಜಿನ್ನು, ನಾಲ್ವರು ಸವಾರರು, ನಾಲ್ಕು ಸುತ್ತು, ಒಂದು ನಿಮಿಷದ ಆಸುಪಾಸಿನ ಆಟ. ತಿರುವು ಬಂದರೆ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಹ್ಯಾಂಡಲ್ಲನ್ನು ಬಲಕ್ಕೆ ಹಿಡಿದು ಎಡಕ್ಕೆ ಹೊರಳಬೇಕು. ಎಡ ಬೂಟಿಗೆ ಬಿಗಿದ ಉಕ್ಕಿನ ಅಟ್ಟೆ ನೆಲ ಉಜ್ಜುತ್ತಿರುತ್ತದೆ. ನೋಡುವವರಿಗೆ ಇನ್ನೇನು ಬಿದ್ದೇಬಿಟ್ಟ ಅನ್ನಿಸುವ ಆ ಗಳಿಗೆಯಲ್ಲೇ ಸವಾರನ ಕಸುಬು ಇರುವುದು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಐವನ್ ಮೇಜರ್ ಈ ಆಟಕ್ಕಾಗಿ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದವರು. ಮೊದಲ ಸಲ ಬೇಳೆ ಬೇಯಲಿಲ್ಲ, ಊರಿಗೆ ಮರಳಿದರು. 1963ರಲ್ಲಿ ಮತ್ತೆ ಹೋಗಿ ನ್ಯೂಕ್ಯಾಸಲ್ ತಂಡ ಸೇರಿದರು. 1968ರಿಂದ ಸತತ ಮೂರು ವರ್ಷ ವಿಶ್ವ ಚಾಂಪಿಯನ್. ಮೂರನೆಯದನ್ನು ಗೆದ್ದ ಬೈಕಿಗೆ ಅಭಿಮಾನಿಗಳು ಚಿನ್ನದ ಲೇಪ ಹಾಕಿಸಿದರು (ನನಗೇನೋ ಮಣ್ಣು ಮೆತ್ತಿದ ಬೈಕೇ ಚೆಂದ). ಆಮೇಲೆ ಇನ್ನೆರಡು ಸಲ ಗೆದ್ದರು; ಆರನೆಯ ಪಟ್ಟ ಸಿಕ್ಕಿದ್ದು 1979ರಲ್ಲಿ, ಪೋಲೆಂಡಿನಲ್ಲಿ. ಆಗ ವಯಸ್ಸು 39.