ಬಿಸಿಯೂಟದ ಬೇಳೆ ಯಾರ ಹೊಲದ್ದು?

ತಿರುಪತಿಯ ಲಡ್ಡುವಿಗೆ ಇನ್ನು ನಂದಿನಿ ತುಪ್ಪ ಹೋಗುವುದಿಲ್ಲ ಎಂಬ ಸುದ್ದಿ ಬಂದದ್ದು 2023ರ ಜುಲೈ ಕೊನೆಗೆ. ತಿರುಮಲ ತಿರುಪತಿ ದೇವಸ್ಥಾನದ (ಟಿಟಿಡಿ) ಟೆಂಡರಿನಲ್ಲಿ ಬೇರೆಯವರು ಹಾಕಿದ ದರಕ್ಕೆ ತುಪ್ಪ ಕೊಡುವುದು ತನ್ನಿಂದಾಗದು ಎಂದು ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಹೇಳಿತ್ತು. ಮರುವರ್ಷ ದೇವಸ್ಥಾನದ ಹೊಸ ಕಾರ್ಯನಿರ್ವಹಣಾಧಿಕಾರಿಯೇ, ಕಿಲೋಗೆ 320ರಿಂದ 411 ರೂಪಾಯಿಗೆ ಶುದ್ಧ ಹಸುವಿನ ತುಪ್ಪ ಸಿಗುವ ಮಾತೇ ಇಲ್ಲ ಎಂದು ಪತ್ರಕರ್ತರಿಗೆ ಹೇಳಬೇಕಾಯಿತು. ತುಪ್ಪದ ಕಲಬೆರಕೆಯ ಬಗ್ಗೆ ಪ್ರಯೋಗಾಲಯದ ವರದಿ, ದೇಶವೆಲ್ಲ ಗದ್ದಲ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಚಿಸಿದ ವಿಶೇಷ ತನಿಖಾ ತಂಡ. ಅಷ್ಟು ಹೊತ್ತಿಗೆ ನಂದಿನಿ ತುಪ್ಪ ಮತ್ತೆ ತಿರುಮಲೆಗೆ ಹೋಗತೊಡಗಿತ್ತು. ಇತ್ತ ನಮ್ಮ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳೆಲ್ಲ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಸುತ್ತೋಲೆ ಹೊರಡಿಸಿತು.

ಆ ದಿನಗಳಲ್ಲಿ ಭಕ್ತಿಯ ಬಗ್ಗೆ, ಪಕ್ಷಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. ಖರೀದಿಯ ನಿಯಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎಲ್ಲರಿಗಿಂತ ಕಡಿಮೆ ದರ ಹಾಕಿದವರಿಂದಲೇ ಕೊಳ್ಳಬೇಕು ಎಂಬ ನಿಯಮ ಮೇಲ್ನೋಟಕ್ಕೆ ಯಾರ ಪರವೂ ಇಲ್ಲದ್ದು. ಆದರೆ ಹಸು ಕಟ್ಟಿದವಳಿಗೆ ಎಷ್ಟು ಸಿಕ್ಕಿತು, ಪದಾರ್ಥ ಎಲ್ಲಿಂದ ಬಂತು, ಕೆಲಸ ಮಾಡಿದವರಿಗೆ ಕೂಲಿ ಬಂತೇ ಎಂಬುದೆಲ್ಲ ಲೆಕ್ಕಕ್ಕೆ ಬೇಡ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಶಾಲೆ, ಹಾಸ್ಟೆಲ್, ಆಸ್ಪತ್ರೆ, ಜೈಲು, ದೇವಸ್ಥಾನಗಳು ಸಾರ್ವಜನಿಕ ಹಣದಿಂದ ಆಹಾರ ಕೊಳ್ಳುವಾಗ ದರದ ಜೊತೆಗೆ ಈ ಸಂಗತಿಗಳನ್ನೂ ತೂಗಬೇಕು ಎಂಬ ಒತ್ತಾಯ ಈಗ ಹಲವು ದೇಶಗಳಲ್ಲಿದೆ. ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. ನಾವು ವರ್ಷಗಳಿಂದ ಮೌಲ್ಯ ನೋಡಿಯೇ ಕೊಳ್ಳುತ್ತಿದ್ದೇವೆ. ಆದರೆ ನಿಯಮ ಮಾಡಿಕೊಂಡಿಲ್ಲ. ಒಂದು ಬಜೆಟ್ ಭಾಷಣದಿಂದ ಇನ್ನೊಂದಕ್ಕೆ, ಒಂದು ಘೋಷಣೆಯಿಂದ ಇನ್ನೊಂದಕ್ಕೆ ಸಾಗಿದ್ದೇವೆ. ಹಾಗಾಗಿ ಯಾರು ಸಂಘಟಿತರೋ ಅವರಿಗೆ ಇದರ ಫಲ ಸಿಕ್ಕಿದೆ, ಉಳಿದವರು ಹೊರಗೆ ನಿಂತಿದ್ದಾರೆ.

ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯನ್ನೇ ನೋಡೋಣ. 2013ರ ಆಗಸ್ಟ್ 1ರಂದು ಅದು ಶುರುವಾದಾಗ ಹಾಲು ಒಕ್ಕೂಟಗಳ ಬಳಿ ಹೆಚ್ಚುವರಿ ಹಾಲು ಇತ್ತು, ಪುಡಿ ಮಾಡಿಟ್ಟರೆ ಕೊಳ್ಳುವವರಿರಲಿಲ್ಲ. ಸರ್ಕಾರ ಆ ಪುಡಿಯನ್ನು ಕೊಂಡು ಶಾಲೆ, ಅಂಗನವಾಡಿಗಳಿಗೆ ಕಳಿಸಿತು. ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ. ಇದನ್ನು ಟೀಕಿಸಿದವರು, ಕೆಎಂಎಫ್‌ನ ಸಮಸ್ಯೆಯನ್ನು ಮಕ್ಕಳ ಲೋಟಕ್ಕೆ ಸುರಿಯಲಾಗಿದೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಹಾಲು ಹಾಕುವ ಮನೆಗೂ ಹಾಲು ಕುಡಿಯುವ ಮಗುವಿಗೂ ಒಂದೇ ಖರೀದಿಯಿಂದ ಒಳಿತಾದರೆ ಸಾರ್ವಜನಿಕ ಹಣಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಯಾವುದು? 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿಗೆ ಏರಿದ, ಹಾಲು ಹಾಕುವವರಿಗೆ ಕೊಡುವ ಪ್ರೋತ್ಸಾಹಧನವನ್ನೂ ಇದರ ಜೊತೆಗಿಟ್ಟು ನೋಡಿದರೆ, ಹೈನುಗಾರಿಕೆಯ ವಿಷಯದಲ್ಲಿ ಈ ರಾಜ್ಯ ಮಾರುಕಟ್ಟೆಯ ದರವೇ ಅಂತಿಮ ಎಂದು ಎಂದೂ ಒಪ್ಪಿಲ್ಲ ಎಂಬುದು ಸ್ಪಷ್ಟ.

ಆದರೂ ಒಂದು ಶಾಲೆಯ ಅಡುಗೆಕೋಣೆಯಲ್ಲಿ ಬೆಳಿಗ್ಗೆ ನಿಂತು ನೋಡಿದರೆ ಈ ಯೋಜನೆಯ ಅರೆಕೊರೆ ಕಾಣುತ್ತದೆ. ಮಗುವೊಂದಕ್ಕೆ 18 ಗ್ರಾಂ ಪುಡಿ, ಸಕ್ಕರೆ, ನೀರು ಸೇರಿ 150 ಮಿಲಿಲೀಟರ್ ಹಾಲು. ದೊಡ್ಡ ಪಾತ್ರೆಯಲ್ಲಿ ಮೊದಲು ಸ್ವಲ್ಪ ಬೆಚ್ಚಗಿನ ನೀರಿಗೆ ಪುಡಿ ಹಾಕಿ ಗಂಟಿಲ್ಲದಂತೆ ಕಲಸಬೇಕು. ಅವಸರ ಮಾಡಿದರೆ ಗಂಟು ತೇಲುತ್ತದೆ, ಮಕ್ಕಳು ಚೆಲ್ಲುತ್ತಾರೆ. ಎಷ್ಟೋ ಊರುಗಳಲ್ಲಿ ಶಾಲೆಯಿಂದ ಕೂಗಳತೆಯಲ್ಲೇ ಡೇರಿ ಇರುತ್ತದೆ. ಅದೇ ಹೊತ್ತಿಗೆ ಹೆಂಗಸರು ಕ್ಯಾನು ಹಿಡಿದು ಅಲ್ಲಿ ಸಾಲು ನಿಂತಿರುತ್ತಾರೆ. ಆ ಹಾಲು ಒಕ್ಕೂಟಕ್ಕೆ ಹೋಗಿ, ಒಣಗಿ, ಪೊಟ್ಟಣವಾಗಿ ಅದೇ ಊರಿನ ಶಾಲೆಗೆ ಬರುತ್ತದೆ. ಮಳೆಗಾಲದಲ್ಲಿ ಹೆಚ್ಚು ಹಾಲು, ಬೇಸಿಗೆಯಲ್ಲಿ ಕಡಿಮೆ. ಹಾಲು ಒಡೆದರೆ ಹೊಣೆ ಯಾರದು? ಹೀಗೆ ಪುಡಿಯ ಪರವಾಗಿ ಕಾರಣಗಳಿವೆ, ಅವು ಸುಳ್ಳಲ್ಲ. ಆದರೆ ಡೇರಿ ಹತ್ತಿರವಿರುವ ಶಾಲೆಗಾದರೂ ಹಸಿ ಹಾಲು ಕೊಂಡು ಕಾಯಿಸಿ ಕೊಡಬಹುದೇ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದ್ದು ಕಡಿಮೆ. ಹೆಚ್ಚುವರಿ ಪುಡಿ ಖಾಲಿ ಮಾಡುವುದೇ ಖರೀದಿಯ ಉದ್ದೇಶವಾದಾಗ ಇಂಥ ಪ್ರಶ್ನೆ ಹುಟ್ಟುವುದಿಲ್ಲ.

ರಾಗಿಯದು ಬೇರೆ ಕಥೆ. 2017-18ರಲ್ಲಿ ಕ್ವಿಂಟಲ್ಲಿಗೆ 1,900 ರೂಪಾಯಿ ಇದ್ದ ಬೆಂಬಲ ಬೆಲೆ ಮರುವರ್ಷ 2,897ಕ್ಕೆ ಜಿಗಿಯಿತು, 2025-26ಕ್ಕೆ 4,886. ಸರ್ಕಾರ ಕೊಂಡ ರಾಗಿ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಜನರಿಗೇ ಮರಳುತ್ತದೆ. ಅರಸೀಕೆರೆ, ಹೊಸದುರ್ಗ, ನಾಗಮಂಗಲದ ಬಯಲಿನಲ್ಲಿ ಮಳೆ ನಂಬಿ ರಾಗಿ ಬಿತ್ತುವವರನ್ನು ಹೊಲದಲ್ಲಿ ಉಳಿಸಿದ್ದು ಈ ಖರೀದಿಯೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನೀರು ಬೇಡದ, ಗೊಬ್ಬರ ಹೆಚ್ಚು ಕೇಳದ, ಉಂಡವರ ಹೊಟ್ಟೆ ನಿಲ್ಲುವ ಬೆಳೆಗೆ ಸರ್ಕಾರವೇ ಗಿರಾಕಿಯಾಗಿ ನಿಂತದ್ದು ಈ ನಾಡಿನ ಒಳ್ಳೆಯ ಕೆಲಸಗಳಲ್ಲಿ ಒಂದು.

ಅದರ ಮಿತಿಯೂ ಖರೀದಿ ಕೇಂದ್ರದ ಬಾಗಿಲಲ್ಲೇ ಇದೆ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಬೇಕು, ಪಹಣಿಯಲ್ಲಿ ಬೆಳೆ ನಮೂದಾಗಿರಬೇಕು. ಹೆಸರು ನೋಂದಾಯಿಸಿ ಸರದಿ ಬರುವತನಕ ಚೀಲ ಕಾಯಬೇಕು. ಜಮೀನು ತಾತನ ಹೆಸರಲ್ಲಿದ್ದರೆ, ಗುತ್ತಿಗೆಗೆ ಮಾಡುತ್ತಿದ್ದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿಯ ಮೇಲೆ 2022ರ ಆರಂಭದಲ್ಲಿ ಎದ್ದ ಸಿಟ್ಟು ನೆನಪಿರಬಹುದು. ಸಾಲ ತೀರಿಸುವ ತುರ್ತಿರುವ ಸಣ್ಣ ರೈತ ಅಷ್ಟು ದಿನ ಕಾಯಲಾರದೆ ಮನೆ ಮುಂದೆ ಬಂದ ವ್ಯಾಪಾರಿಗೇ ಅಳೆದು ಕೊಡುತ್ತಾನೆ.

ಉತ್ತರದ ಜೋಳದಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪಿದೆ. 2023-24ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ 3,180 ರೂಪಾಯಿ, ಮಾಲ್ದಂಡಿ ಎಂಬ ಬಿಳಿಜೋಳದ್ದು 3,225. ಕ್ವಿಂಟಲ್ಲಿಗೆ ಬರೀ 45 ರೂಪಾಯಿ ವ್ಯತ್ಯಾಸ! ವಿಜಯಪುರದ ಯಾವುದೇ ಮನೆಯ ಹೆಂಗಸು ಹಿಟ್ಟು ನಾದುವಾಗಲೇ ಎರಡರ ಅಂತರ ಹೇಳುತ್ತಾಳೆ. ಮಾಲ್ದಂಡಿ ಬಡಿದಂತೆ ಅಗಲವಾಗುತ್ತದೆ, ರೊಟ್ಟಿ ಮರುದಿನಕ್ಕೂ ಮೆತ್ತಗಿರುತ್ತದೆ; ಹೈಬ್ರಿಡ್ ಅಂಚಿನಲ್ಲಿ ಬಿರಿಯುತ್ತದೆ. ಪೇಟೆಗೂ ಆ ಅಂತರ ಗೊತ್ತು. ಆದ್ದರಿಂದಲೇ ಒಳ್ಳೆಯ ಬಿಳಿಜೋಳ ಸರ್ಕಾರದ ಕೇಂದ್ರಕ್ಕೆ ಬರುವುದು ಕಷ್ಟ. ತಿನ್ನುವವರ ನಾಲಿಗೆ ಬಲ್ಲ ವ್ಯತ್ಯಾಸವನ್ನು ದರ ಗುರುತಿಸದಿದ್ದರೆ ಸ್ಥಳೀಯ ಧಾನ್ಯ ಕೊಡುತ್ತೇವೆಂಬ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಬಿಸಿಯೂಟ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಈ ರಾಜ್ಯದ ಅತಿ ದೊಡ್ಡ ಊಟದ ಮನೆ. ಅಕ್ಕಿ ಭಾರತೀಯ ಆಹಾರ ನಿಗಮದ್ದು. ಬೇಳೆ, ಎಣ್ಣೆ ಟೆಂಡರಿನದು. ತರಕಾರಿಯನ್ನು ಮಾತ್ರ ಊರಲ್ಲೇ ಕೊಳ್ಳಬಹುದು. ಆದರೆ ಎಷ್ಟರಲ್ಲಿ? 2025ರ ಮೇಯಿಂದ ಜಾರಿಗೆ ಬಂದ ದರದಂತೆ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಉರುವಲು ಎಲ್ಲ ಸೇರಿ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕದ ಮಗುವಿಗೆ 10 ರೂಪಾಯಿ 17 ಪೈಸೆ. ಇಷ್ಟರಲ್ಲಿ ಊರ ರೈತನಿಂದ ಅಂದಂದಿನ ಸೊಪ್ಪು ಕೊಳ್ಳಿ ಎಂದು ಮುಖ್ಯ ಶಿಕ್ಷಕರಿಗೆ ಬೋಧಿಸುವುದು ಅನ್ಯಾಯ. ಅವರು ಸಂತೆಯಲ್ಲಿ ಕೊನೆಯ ಹೊತ್ತಿಗೆ ಉಳಿದ ಟೊಮೆಟೊ, ಸೌತೆಕಾಯಿ ಹುಡುಕುತ್ತಾರೆ. ಮೊಟ್ಟೆಯಲ್ಲೂ ಇದೇ ಕಷ್ಟ. ಒಂದಕ್ಕೆ 6 ರೂಪಾಯಿ ಎಂದು ನಿಗದಿ ಮಾಡಿದ್ದಾಗ, ಚಳಿಗಾಲದಲ್ಲಿ ಬೆಲೆ ಏರಿದಾಗಲೆಲ್ಲ ವ್ಯತ್ಯಾಸವನ್ನು ಶಿಕ್ಷಕರು ಜೇಬಿನಿಂದ ತುಂಬಬೇಕಾಯಿತು. ಆ ಮೊಟ್ಟೆಯ ದರ ನಿಲ್ಲುವುದು ನಾಮಕ್ಕಲ್‌, ಹೊಸಪೇಟೆಗಳ ಕೋಳಿ ಉದ್ಯಮದ ಲೆಕ್ಕದ ಮೇಲೆ. ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಸಾಕುವ ಹತ್ತು ನಾಟಿಕೋಳಿಗಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಮೊಟ್ಟೆಯ ಪ್ರಸಂಗ ಇನ್ನೊಂದು ಕಷ್ಟದ ಪ್ರಶ್ನೆ ಕೇಳುತ್ತದೆ: ಮೌಲ್ಯ ಎಂದರೆ ಯಾರ ಮೌಲ್ಯ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಮಕ್ಕಳು ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ಅದಕ್ಕೂ ಮೊದಲು, ಹಲವು ಶಾಲೆಗಳಿಗೆ ಬಿಸಿಯೂಟ ಕಳಿಸುವ ಅಕ್ಷಯ ಪಾತ್ರೆ ಸಂಸ್ಥೆಯ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದಿರುವುದರ ಬಗ್ಗೆ ವರ್ಷಗಟ್ಟಲೆ ವಾದ ನಡೆದಿತ್ತು. ಆ ಸಂಸ್ಥೆಯ ಅಡುಗೆಮನೆಗಳ ಶುಚಿಯನ್ನು, ಸಮಯಪಾಲನೆಯನ್ನು ನಾನು ಮೆಚ್ಚುತ್ತೇನೆ. ಆದರೆ ಸಾರ್ವಜನಿಕ ಹಣದ ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ಉಣ್ಣುವ ಮಗುವಿನ ದೇಹ ಮತ್ತು ಮನೆಯ ರುಚಿ ತೀರ್ಮಾನಿಸಬೇಕು. ಬಡಿಸುವವರ ವ್ರತ ತೀರ್ಮಾನಿಸಬಾರದು. ಮೌಲ್ಯಾಧಾರಿತ ಖರೀದಿಯ ಹೆಸರಲ್ಲಿ ಒಂದು ವರ್ಗದ ಪಥ್ಯ ಎಲ್ಲ ಮಕ್ಕಳ ಮೇಲೆ ಬೀಳುವ ಅಪಾಯ ನಿಜವಾದದ್ದು. ಆದ್ದರಿಂದಲೇ ಮೌಲ್ಯಗಳು ಯಾವುವೆಂದು ಕಾನೂನಿನಲ್ಲಿ ಬರೆದಿರಬೇಕು. ಮಾತು ಬಾಯಲ್ಲೇ ಇದ್ದರೆ ಗಟ್ಟಿ ಗಂಟಲಿನವರದೇ ಗೆಲ್ಲುತ್ತದೆ.

ಬರೆದಿಟ್ಟ ದೇಶ ಬ್ರೆಜಿಲ್. 2009ರ ಜೂನ್‌ನಲ್ಲಿ ಬಂದ 11,947ನೇ ಕಾನೂನಿನ 14ನೇ ವಿಧಿಯಂತೆ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು (2026ರಿಂದ ಶೇ 45ರಷ್ಟನ್ನು) ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಲೇಬೇಕು. ಅಲ್ಲಿ ಶಾಲಾ ಊಟ ಉಣ್ಣುವ ಮಕ್ಕಳು ನಾಲ್ಕು ಕೋಟಿಯ ಆಸುಪಾಸು. ಈ ಪಾಲಿಗೆ ಟೆಂಡರ್ ಬೇಡ. ಊರಾಡಳಿತ ಏನು, ಎಷ್ಟು, ಯಾವ ದರಕ್ಕೆ ಬೇಕೆಂದು ಮೊದಲೇ ಪ್ರಕಟಿಸುತ್ತದೆ. ರೈತರೂ ಅವರ ಸಂಘಗಳೂ ಮುಂದೆ ಬರುತ್ತವೆ. ದರ ಆಗಲೇ ನಿಂತಿರುವುದರಿಂದ ಪೈಪೋಟಿ ದರದ ಮೇಲಿಲ್ಲ. ಹತ್ತಿರದವರಿಗೆ, ಭೂಸುಧಾರಣೆಯಲ್ಲಿ ನೆಲ ಪಡೆದವರಿಗೆ, ಮೂಲನಿವಾಸಿಗಳಿಗೆ, ತಪ್ಪಿಸಿಕೊಂಡ ಗುಲಾಮರ ವಂಶಸ್ಥರ ಕ್ವಿಲೊಂಬೊ ಸಮುದಾಯಗಳಿಗೆ ಆದ್ಯತೆ. ಊಟದ ಪಟ್ಟಿ ಮಾಡುವುದು ಪೌಷ್ಟಿಕತಜ್ಞರ ಕೆಲಸ. ಪೋಷಕರು, ಶಿಕ್ಷಕರು ಇರುವ ಮಂಡಳಿ ಲೆಕ್ಕ ನೋಡುತ್ತದೆ. ಇದೆಲ್ಲ ಸಲೀಸಾಗಿ ನಡೆದಿದೆ ಎಂದರೆ ಸುಳ್ಳಾಗುತ್ತದೆ. ಅನೇಕ ಊರುಗಳು ವರ್ಷಗಟ್ಟಲೆ ಶೇ 30ನ್ನು ಮುಟ್ಟಲಿಲ್ಲ, ದೊಡ್ಡ ನಗರಗಳಂತೂ ತಿಣುಕಾಡಿದವು. ಆದರೆ ಮುಟ್ಟದಿದ್ದಾಗ ಅದು ವೈಫಲ್ಯವೆಂದು ದಾಖಲಾಗುತ್ತದೆ, ಪ್ರಶ್ನೆ ಕೇಳಲು ರೈತ ಸಂಘಕ್ಕೆ ಕಾನೂನಿನ ಒಂದು ಸಾಲು ಕೈಯಲ್ಲಿರುತ್ತದೆ. ನಮ್ಮ ರೈತನ ಕೈಯಲ್ಲಿರುವುದು ಮನವಿ ಪತ್ರ.

ಅಮೆರಿಕದ ಲಾಸ್ ಏಂಜಲೀಸ್ ನಗರ ಮತ್ತು ಅಲ್ಲಿನ ಶಾಲಾ ಮಂಡಳಿ 2012ರಲ್ಲಿ ಒಪ್ಪಿದ ಖರೀದಿ ನೀತಿಯಲ್ಲಿ ಐದು ಮೌಲ್ಯಗಳಿವೆ: ಸ್ಥಳೀಯ ಆರ್ಥಿಕತೆ, ಪೌಷ್ಟಿಕತೆ, ಪರಿಸರ, ಪ್ರಾಣಿದಯೆ, ಕೆಲಸಗಾರರ ಹಕ್ಕು. ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯದು. ನಮ್ಮ ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಯೋಜನೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. 2009ರಿಂದ ಅದು ಬದಲಾಗಿಲ್ಲ. ರಾಜ್ಯ ತನ್ನ ಪಾಲು ಸೇರಿಸಿ ಹೆಚ್ಚು ಕೊಡುತ್ತಿದೆ, ಆದರೂ ಅದು ಕೂಲಿ ಎನ್ನಿಸಿಕೊಳ್ಳುವಷ್ಟಿಲ್ಲ. ಬೆಳಿಗ್ಗೆ ಹಾಲು ಕಲಸಿ, ಅಕ್ಕಿ ಆರಿಸಿ, ಮೊಟ್ಟೆ ಬೇಯಿಸಿ ಸುಲಿದು, ನೂರಾರು ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಮನೆಗೆ ಹೋಗುವ ಹೆಂಗಸರು ಬೇಡಿಕೆ ಹಿಡಿದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕು. ಬೇಳೆಯ ದರ ಕಟ್ಟುವಾಗ ರೈತನನ್ನು ಮರೆಯುವ ವ್ಯವಸ್ಥೆ, ಊಟದ ದರ ಕಟ್ಟುವಾಗ ಇವರನ್ನು ಮರೆತಿದೆ.

ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡಿದ ಕೆಟಿಪಿಪಿ ಕಾಯ್ದೆ ಇದಕ್ಕೆಲ್ಲ ಅಡ್ಡಿ ಎಂದು ಅಧಿಕಾರಿಗಳು ಹೇಳುವುದುಂಟು. 1999ರ ಆ ಕಾಯ್ದೆ ಭ್ರಷ್ಟಾಚಾರಕ್ಕೆ ಕಡಿವಾಣ ಹಾಕಲೆಂದು ಬಂದದ್ದು, ಅದರ ಅಗತ್ಯ ಇಂದಿಗೂ ಇದೆ. ಆದರೆ ಅದೇ ಕಾಯ್ದೆಗೆ ತಿದ್ದುಪಡಿ ತಂದು ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಟ್ಟಿದ್ದೇವೆ. ಸಾಮಾಜಿಕ ನ್ಯಾಯವೆಂಬ ಮೌಲ್ಯಕ್ಕೆ ಟೆಂಡರಿನೊಳಗೆ ಜಾಗ ಮಾಡಿಕೊಟ್ಟ ರಾಜ್ಯ ಇದು. ರಸ್ತೆ, ಮೋರಿಗೆ ಆದದ್ದು ಬೇಳೆ, ಸೊಪ್ಪಿಗೆ ಏಕೆ ಆಗಬಾರದು? ಈಗಂತೂ ಅಡ್ಡದಾರಿಯೇ ರೂಢಿ: ಬೇಕಾದಾಗ ಟೆಂಡರಿಲ್ಲದೆ ಕೊಳ್ಳಲು ಬಿಡುವ 4(ಜಿ) ವಿನಾಯಿತಿ, ಬೇಡವಾದಾಗ ಕಾಯ್ದೆಯ ನೆಪ. ಪ್ರತಿ ಸಲ ಸಚಿವ ಸಂಪುಟದ ಕೃಪೆ ಬೇಡುವ ಮೌಲ್ಯ ಮುಂದಿನ ಸರ್ಕಾರದವರೆಗೆ ಉಳಿಯುತ್ತದೆಂಬ ಭರವಸೆಯಿಲ್ಲ.

ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಅಕ್ಕಿಯ ಜಾಗಕ್ಕೆ ಬೇಳೆ ಬರುವುದು ಪೌಷ್ಟಿಕತೆಯ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಅದೇ ವರ್ಷದ ಆರಂಭದಲ್ಲಿ ಇದೇ ಸರ್ಕಾರ ತೊಗರಿಯ 7,550 ರೂಪಾಯಿ ಬೆಂಬಲ ಬೆಲೆಗೆ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಘೋಷಿಸಿತ್ತು, ಏಕೆಂದರೆ ಮಾರುಕಟ್ಟೆಯಲ್ಲಿ ಬೆಲೆ ಕುಸಿದಿತ್ತು. ಸುಂಕವಿಲ್ಲದೆ ಮೊಜಾಂಬಿಕ್‌, ಮ್ಯಾನ್ಮಾರ್‌ಗಳಿಂದ ಬರುವ ತೊಗರಿ ಅದಕ್ಕೆ ಒಂದು ಕಾರಣ. ಈಗ ರಾಜ್ಯವೇ ತೊಗರಿಯ ದೊಡ್ಡ ಗಿರಾಕಿಯಾಗಲಿದೆ. ಟೆಂಡರಿನಲ್ಲಿ ದರವೊಂದೇ ಇದ್ದರೆ ಗಿರಣಿಗೆ ಹಡಗಿನ ಕಾಳೂ ಒಂದೇ, ಆಳಂದದ ಕಾಳೂ ಒಂದೇ. ಕಲಬುರಗಿ ತೊಗರಿಗೆ 2019ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅದರ ಗುಣಲಕ್ಷಣಗಳು ದಾಖಲೆಯಲ್ಲಿವೆ. ಕಿಟ್ಟಿನ ಬೇಳೆಯಲ್ಲಿ ಇಷ್ಟು ಪಾಲು ಆ ತೊಗರಿಯದ್ದಾಗಿರಬೇಕು, ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಬಂದಿರಬೇಕು, ಹಣ ಇಷ್ಟು ದಿನದೊಳಗೆ ರೈತರ ಖಾತೆಗೆ ಬಿದ್ದಿರಬೇಕು ಎಂದು ಟೆಂಡರಿನ ಷರತ್ತುಗಳಲ್ಲಿ ಬರೆಯುವ ಕೆಲಸವನ್ನು ಆಹಾರ ಇಲಾಖೆ ಮೊದಲ ಖರೀದಿಯಿಂದಲೇ ಶುರುಮಾಡಬೇಕು. ಅದೇ ಷರತ್ತನ್ನು ಶಾಲೆಗೆ ಹೋಗುವ ಬೇಳೆಗೂ ಹಾಕಬೇಕು.